ಕೊಪ್ಪಳದಿಂದ ಒಂದಿನದ ಗ್ರಾವೆಲ್ ರೈಡ್: ಪಂಪಾವನ, ಎಡದಂಡೆ ಕಾಲುವಿ, ಸಾಣಾಪುರ ಕೆರಿ, ಆನೆಗೊಂದಿ ಎಲ್ಲಾ ಒಂದ ದಾರದಾಗ ಪೋಣಿಸೋದು ಹೆಂಗ

ಗ್ರಾವೆಲ್ ರೈಡ್ (ಡಾಂಬರ್ ಬಿಟ್ಟು ಮಣ್ಣು-ಕಲ್ಲಿನ ಕಚ್ಚಾ ದಾರಿ ಮ್ಯಾಲ ಸೈಕಲ್ ಹೊಡಿಯೋದು) ಅಂದ ಕೂಡ್ಲೆ ನಮ್ಮ ಕಡಿ ಮಂದಿ ಕೇಳೋದು ಒಂದೇ, "ಕೊಪ್ಪಳದಾಗ ಎಲ್ಲೈತ್ರಿ ಅಂಥಾ ದಾರಿ, ಇಲ್ಲಿ ಬರೇ ಹೈವೇ, ಲಾರಿ, ಧೂಳು." ರೋಡ್ ಅಷ್ಟೇ ನೋಡಿದ್ರ ಅದು ಖರೇನ. ಆದ್ರ ಮುನಿರಾಬಾದ್ ಡ್ಯಾಂನಿಂದ ಹೊಂಡೋ ತುಂಗಭದ್ರಾ ಎಡದಂಡೆ ಮುಖ್ಯ ಕಾಲುವಿ ಐತಲ್ಲ, ಅದು ರಾಯಚೂರು ಜಿಲ್ಲಾ ತನಕ 227 ಕಿಲೋಮೀಟರ್ ಹೋಗ್ತೈತಿ, ಅದರ ಏರಿ ಮ್ಯಾಲ ಮರಂ (ಗರಸು ಮಣ್ಣು) ಹಾಕಿದ ಸರ್ವಿಸ್ ರೋಡ್ ಅದಾವ. ಅದನ್ನ ಹಿಡಕೊಂಡ್ರ ಪಂಪಾವನ ಉದ್ಯಾನ, ಸಾಣಾಪುರ ಕೆರಿ, ಅಂಜನಾದ್ರಿ, ಆನೆಗೊಂದಿ ಎಲ್ಲಾನೂ ಹೈವೇ ಮುಟ್ಟದಂಗ ಜೋಡಿಸಬಹುದು. ಬಿಡಿಬಿಡಿಯಾಗಿ ಇವೆಲ್ಲಾ ಜಾಗಾ ಎಲ್ರೂ ನೋಡ್ಯಾರ, ಕಾರಿನ್ಯಾಗ ಹೋಗಿ ಫೋಟೋ ತಕ್ಕೊಂಡು ಬಂದಾರ, ಜೋಡಿಸಿ ಸೈಕಲ್ ಹೊಡದವರು ಕಮ್ಮಿ.

ಕಾಲುವಿ ಯಾಕ ಹಿಡೀಬೇಕು ಅಂತ ಮೊದಲು ಹೇಳಿಬಿಡ್ತೀನಿ, ಉಳಿದಿದ್ದೆಲ್ಲಾ ಇದರ ಮ್ಯಾಲೇ ನಿಂತೈತಿ. ಕಾಲುವಿ ನೀರು ಮೋಟಾರ್ ಇಲ್ದ ತಾನಾಗೇ ಹರೀಬೇಕು, ಅದಕ್ಕ ಗುಡ್ಡದ ಮೈಗುಂಟ ಒಂದೇ ಮಟ್ಟದ ಗೆರಿ ಹಿಡಿದು, ಕಣ್ಣಿಗೆ ಕಾಣದಷ್ಟು ಇಳಿಜಾರು ಇಟ್ಟು ಕಡದಿರ್ತಾರ. ಸುತ್ತಲೂ ಎಷ್ಟ ಬಂಡೆಗುಡ್ಡ ಇದ್ರೂ ಏರಿ ಮ್ಯಾಲಿನ ದಾರಿ ಸಪಾಟ ಇರ್ತೈತಿ, ಊರ ರೋಡ್ ಮಾತ್ರ ಹತ್ತೋದು ಇಳಿಯೋದು ಇದ್ದೇ ಇರ್ತೈತಿ. ಹಂಗಾಗಿ 110-120 ಕಿಲೋಮೀಟರ್ ಅಂತ ಕೇಳಿ ಹೆದರಬ್ಯಾಡ್ರಿ. ಕಾಲುವಿ ಬಳಸ್ಕೊಂಡು ಹೋಗ್ತೈತಿ, ರೋಡಿಗಿಂತ ದೂರ ಜಾಸ್ತಿ ಆಗ್ತೈತಿ, ಆದ್ರ ತೊಡಿ ಉಳೀತಾವ.

ರೂಟ್ ಒಂದೇ ಉಸಿರಿನ್ಯಾಗ: ಕೊಪ್ಪಳ, ಗಿಣಿಗೇರಾ, ಹಿಟ್ನಾಳ, ಹುಲಗಿ, ಮುನಿರಾಬಾದ್, ಅಲ್ಲಿಂದ ಕಾಲುವಿ ಹಿಡಿದು ಶಿವಪುರ, ಸಾಣಾಪುರ, ಆಮ್ಯಾಲೆ ಹನುಮನಹಳ್ಳಿ, ಆನೆಗೊಂದಿ, ಗಂಗಾವತಿ, ವಾಪಸ್ ಹಿರೇಬೆಣಕಲ್ ಮ್ಯಾಲಿಂದ ಕೊಪ್ಪಳ. ಉದ್ದ ಆತು ಅನ್ನೋರು ಮುನಿರಾಬಾದ್ ಸ್ಟೇಷನ್ ತನಕ ರೈಲಿಗೆ ಇಲ್ಲಾ ಗಾಡಿ ಮ್ಯಾಲ ಸೈಕಲ್ ಹಾಕ್ಕೊಂಡು ಬಂದು ಅಲ್ಲಿಂದ ಶುರು ಮಾಡ್ರಿ, ಗಂಗಾವತಿಗೆ ಮುಗಿಸ್ರಿ, ಅರ್ಧಕ್ಕರ್ಧ ಕಮ್ಮಿ ಆಗ್ತೈತಿ, ನೋಡೋ ಚಂದ ಅಂತೂ ಅದರಾಗೇ ಐತಿ.

ಯಾವಾಗ ಹೋಗ್ಬೇಕು

ನವೆಂಬರ್ ನಡುವಿನಿಂದ ಫೆಬ್ರವರಿ ತನಕ. ಮಾರ್ಚ್ ದಾಟಿದ್ರ ಇಲ್ಲಿ ಬಂಡೆ ಮಧ್ಯಾಹ್ನದಾಗ ಕಾದ ಹಂಚಾಗ್ತಾವ, ಎಪ್ರಿಲ್-ಮೇದಾಗ 40 ಡಿಗ್ರಿ ದಾಟೋದು ಸಾಮಾನ್ಯ, ಆಗ ದಿನಪೂರ್ತಿ ರೈಡ್ ಅಂದ್ರ ಆಸ್ಪತ್ರಿ ದಾರಿ. ಜೂನ್‌ನಿಂದ ಆಗಸ್ಟ್ ತನಕ ಪಡುವಣ ಗಾಳಿ ಜೋರು, ಕೊಪ್ಪಳ-ಗದಗ ಕಡಿ ಗಾಳಿ ಗಿರಣಿ ಸುಮ್ಮನ ಹಾಕಿಲ್ಲ. ಆಗ ಹೋಗೋವಾಗ ಬೆನ್ನಿಗೆ ಗಾಳಿ ಬಿದ್ದು ಹುರುಪು ಬರ್ತೈತಿ, ಬರೋವಾಗ ದಣಿದ ಮೈಗೆ ಎದುರ ಗಾಳಿ ಬಡೀತೈತಿ, ಜೀವ ಹಣ್ಣಾಗ್ತೈತಿ. ಚಳಿಗಾಲದಾಗ ಗಾಳಿ ಮೂಡಣ ಕಡಿಂದ ಬರ್ತೈತಿ, ಮುಂಜಾನೆ ತುಸು ಎದುರಾಗ್ತೈತಿ ಆದ್ರ ಮೈಯಾಗ ಶಕ್ತಿ ಇರ್ತೈತಿ, ಸಂಜಿಗೆ ಗಂಗಾವತಿಯಿಂದ ಕೊಪ್ಪಳಕ್ಕ ತಿರುಗಿದಾಗ ಅದೇ ಗಾಳಿ ಹಿಂದಿಂದ ದೂಡ್ತೈತಿ. ಈ ಲೂಪ್ ಇದೇ ದಿಕ್ಕಿಗೆ ಹೊಡೀರಿ ಅಂತ ನಾ ಹೇಳೋದು ಅದಕ್ಕ.

ವಾರಾನೂ ನೋಡ್ರಿ. ಹುಲಗಿಯಾಗ ಮಂಗಳವಾರ, ಶುಕ್ರವಾರ, ಹುಣ್ಣಿಮಿ ದಿನ ಹುಲಿಗೆಮ್ಮನ ದರ್ಶನಕ್ಕ ಮಂದಿ ಜಾತ್ರಿ ಹಂಗ ಸೇರ್ತಾರ, ಟಂಟಂ ಟ್ರ್ಯಾಕ್ಸ್ ನಡುವ ಸೈಕಲ್ ನುಸಿಯೋಕೂ ಜಾಗಾ ಇರಂಗಿಲ್ಲ. ಶನಿವಾರ ಅಂಜನಾದ್ರಿ ಹಂಗ. ಡಿಸೆಂಬರ್‌ದಾಗ ಹನುಮ ಮಾಲಾಧಾರಿಗಳು ಮಾಲಿ ತಗಿಯೋ ದಿನ ಅಂತೂ ಆನೆಗೊಂದಿ ಕಡಿ ಸುಳೀಲೇಬ್ಯಾಡ್ರಿ, ಗಂಗಾವತಿ ತನಕ ಗಾಡಿ ನಿಂತಿರ್ತಾವ. ಭಾನುವಾರ ಸಾಣಾಪುರ ಕೆರಿಗೆ ಟೂರಿಸ್ಟ್ ಗಾಡಿ ಬರ್ತಾವ, ಅವರು ಹತ್ತು ಗಂಟೆ ಮ್ಯಾಲೆ ಬರೋದು, ನೀವೂ ಹತ್ರ ಹತ್ರ ಅದೇ ಹೊತ್ತಿಗೆ ಮುಟ್ಟೋದು, ಗದ್ದಲ ಜಾಸ್ತಿ ಆಗೋಕಿಂತ ಮೊದಲ ದಾಟ್ರಿ.

ಇನ್ನ ನೀರಿನ ಲೆಕ್ಕ. ಕಾಲುವಿಗೆ ಸಾಮಾನ್ಯವಾಗಿ ಜುಲೈದಾಗ ನೀರು ಬಿಡ್ತಾರ, ನವೆಂಬರ್-ಡಿಸೆಂಬರ್ ತನಕ ಮುಂಗಾರು ಬೆಳಿಗೆ, ಡ್ಯಾಂನ್ಯಾಗ ನೀರಿದ್ದ ವರ್ಷ ಎರಡನೇ ಬೆಳಿಗೂ. 2024ರ ಆಗಸ್ಟ್ 10ಕ್ಕ ಡ್ಯಾಂನ 19ನೇ ಕ್ರಸ್ಟ್ ಗೇಟ್ ಕೊಚ್ಚಿಕೊಂಡು ಹೋದ ಮ್ಯಾಲೆ ಈ ಲೆಕ್ಕ ಮೊದಲಿನಂಗ ಉಳಿದಿಲ್ಲ, ನೀರಾವರಿ ಸಲಹಾ ಸಮಿತಿ ಸಭಾ ಆದ ಮರುದಿನ ಪೇಪರ್‌ದಾಗ ಬರ್ತೈತಿ, ಅದನ್ನ ನೋಡ್ಕೊಂಡು ಹೊಂಡ್ರಿ. ಸೈಕಲ್ಲಿನವರಿಗೆ ಇದ್ಯಾಕ ಅಂತೀರಾ? ನೀರು ತುಂಬಿ ಹರಿಯೋವಾಗ ಏರಿ ಅಲ್ಲಲ್ಲಿ ಹಸಿ ಇರ್ತೈತಿ, ದಾರಿ ಕಿರಿದಾಗ್ತೈತಿ, ಆದ್ರ ತಂಪು, ಹಸಿರು, ಹಕ್ಕಿ ಎಲ್ಲಾ ಆಗಲೇ. ನೀರು ನಿಲ್ಲಿಸಿದ ಮ್ಯಾಲೆ ಏರಿ ಗಟ್ಟಿ ಆಗ್ತೈತಿ, ಜೊತಿಗೆ ಜೆಸಿಬಿ ರಿಪೇರಿ ಕೆಲಸಾನೂ ಶುರು ಆಗ್ತಾವ. ಬ್ಯಾಸಿಗಿ ಹತ್ರ ಬಂದಾಗ ಕೊನಿ ಭಾಗದ ರೈತರಿಗೆ ನೀರು ಮುಟ್ಟಲಿ ಅಂತ ಕಾಲುವಿಗುಂಟ ನಿಷೇಧಾಜ್ಞೆ ಹಾಕೋದೂ ಉಂಟು, ಆಗ ಏರಿ ಮ್ಯಾಲ ತಿರುಗಾಡೋದು ಬ್ಯಾಡ, ಊರ ರೋಡಿನ ಮ್ಯಾಲೇ ಹೋಗ್ರಿ.

ಮ್ಯಾಪ್ ಕೆಲಸ ಮನ್ಯಾಗ ಮುಗಿಸ್ರಿ

ಫೋನಿನ ಮ್ಯಾಪಿಗೆ "ಆನೆಗೊಂದಿ" ಅಂತ ಹೊಡದ್ರ ಅದು ನಿಮ್ಮನ್ನ ಸೀದಾ ಡಾಂಬರ್ ಮ್ಯಾಲ ಹಾಕ್ತೈತಿ, ಕಾಲುವಿ ಏರಿ ಅದರ ಪಾಲಿಗೆ ದಾರೀನ ಅಲ್ಲ. ಅದಕ್ಕ ಹಿಂದಿನ ರಾತ್ರಿ ಸ್ಯಾಟಲೈಟ್ ನೋಟ ತಗದು ಕಾಲುವಿಗುಂಟ ಬೆರಳು ಎಳಕೋತ ಹೋಗ್ರಿ. ಎರಡೂ ದಂಡಿ ಒಂದೇ ಥರ ಇರಂಗಿಲ್ಲ, ಒಂದ್ಕಡಿ ಅಗಲ ಸರ್ವಿಸ್ ರೋಡ್ ಇರ್ತೈತಿ, ಇನ್ನೊಂದ್ಕಡಿ ಬರೇ ಕಾಲುದಾರಿ. ಕೆಂಪು-ಕಂದು ಗೆರಿ ಬಿಟ್ಟೂಬಿಡದ ಕಂಡ್ರ ಮರಂ ದಾರಿ, ಹಸಿರು ಮುಚ್ಚಿದ್ರ ಜಾಲಿ ಬೆಳೆದೈತಿ ಅಂತ ಅರ್ಥ. ಎಲ್ಲೆಲ್ಲಿ ಸಣ್ಣ ಸೇತುವಿ ಅದಾವ ಅಲ್ಲಿ ಪಿನ್ ಹಾಕ್ರಿ, ದಂಡಿ ಬದಲಿಸಬೇಕಂದ್ರ ಅವೇ ಗತಿ. ಕಾಲುವಿ ಗುಡ್ಡ ಕೊರೆದು ಹೋಗೋ ಕಡಿ ಏರಿ ದಾರಿ ಮುಗೀತೈತಿ, ಅಂಥಲ್ಲೆಲ್ಲಾ ಹತ್ತಿರದ ಊರ ರೋಡಿಗೆ ಹೆಂಗ ಇಳೀಬೇಕು ಅನ್ನೋದನ್ನ ಮೊದಲ ಬರ್ದು ಇಟ್ಕೋರಿ. ಇಷ್ಟಾದ ಮ್ಯಾಲೆ ರೂಟ್ ಬಿಡಿಸೋ ಯಾವ್ದಾದ್ರೂ ಆ್ಯಪ್‌ದಾಗ ಜಿಪಿಎಕ್ಸ್ (ದಾರಿ ಗೆರಿ ಇರೋ ಫೈಲ್) ಮಾಡಿ ಫೋನಿಗೂ ಸೈಕಲ್ ಕಂಪ್ಯೂಟರಿಗೂ ಹಾಕ್ರಿ, ಮ್ಯಾಪ್ ಆಫ್‌ಲೈನ್ ಇಳಿಸ್ರಿ, ಸಾಣಾಪುರದ ಬಂಡಿ (ಬಂಡೆಗಲ್ಲು) ನಡುವ ನೆಟ್ವರ್ಕ್ ಬರ್ತೈತಿ ಹೋಗ್ತೈತಿ.

ಆದ್ರೂ ಕಾಲುವಿ ಮ್ಯಾಲ ಖರೇ ಮ್ಯಾಪ್ ಅಂದ್ರ ಗ್ಯಾಂಗ್‌ಮನ್‌ಗಳು. ತೂಬು, ಗೇಟ್ ಕಾಯ್ಕೋತ ಸೈಕಲ್ ಇಲ್ಲಾ ಎಕ್ಸೆಲ್ ಗಾಡಿ ಮ್ಯಾಲ ತಿರುಗಾಡ್ತಿರ್ತಾರ, ನಿಲ್ಲಿಸಿ "ಅಣ್ಣಾರ, ಈ ಏರಿ ಮ್ಯಾಲ ಶಿವಪುರಕ್ಕ ಹೋಗಬಹುದೇನ್ರಿ, ಮುಂದ ಎಲ್ಲ್ಯಾರ ಒಡದೈತೇನ್ರಿ" ಅಂತ ಕೇಳ್ರಿ. ಅವರ ಉತ್ತರ ಕಿಲೋಮೀಟರ್‌ದಾಗ ಬರಂಗಿಲ್ಲ, ಮೈಲ್ ಲೆಕ್ಕದಾಗ ಬರ್ತೈತಿ, ಕಾಲುವಿ ಅಳತಿ ಇವತ್ತಿಗೂ ಮೈಲ್‌ದಾಗೇ. ನೀರಿನ ಜಗಳದ ಸುದ್ದಿಯಾಗ "69ನೇ ಮೈಲ್ ಗೇಜ್" ಅಂತ ಓದಿರ್ತೀರಲ್ಲ, ಅದೇ ಲೆಕ್ಕ. "ಇನ್ನ ಎರಡ ಮೈಲ್ ಹೋಗ್ರಿ, ಅಲ್ಲಿ ಬ್ರಿಜ್ ಐತಿ, ಆ ಕಡಿ ದಂಡಿಗೆ ದಾಟ್ರಿ" ಅಂದ್ರ ಮೂರು ಕಿಲೋಮೀಟರಿಗಿಂತ ಜಾಸ್ತಿ ಅಂತ ತಿಳ್ಕೋರಿ.

ಸೈಕಲ್, ಮುಖ್ಯವಾಗಿ ಟೈರ್

ಗ್ರಾವೆಲ್ ಬೈಕೇ ಬೇಕಂತಿಲ್ಲ. 38 ಎಂಎಂ ಟೈರ್ ಕೂಡೋ ಹೈಬ್ರಿಡ್ ಇದ್ರೂ ಸಾಕು, ಎಂಟಿಬಿ (ಮೌಂಟೇನ್ ಬೈಕ್) ಇದ್ರ ತುಸು ನಿಧಾನ ಅಷ್ಟೇ. ರೋಡ್ ಬೈಕಿನ 25, 28 ಟೈರ್ ಮಾತ್ರ ಬ್ಯಾಡ. ನನ್ನ ಆಯ್ಕೆ 40-42 ಎಂಎಂ ಟ್ಯೂಬ್‌ಲೆಸ್, ನಡುವ ಸಪಾಟ ಅಂಚಿಗೆ ಸಣ್ಣ ಗುಬ್ಬಿ ಇರೋ ಟೈರ್. 70 ಕೆಜಿ ಮಂದಿಗೆ ಹಿಂದ 35, ಮುಂದ 32 ಪಿಎಸ್‌ಐ (ಗಾಳಿ ಒತ್ತಡದ ಅಳತಿ) ಸುತ್ತಮುತ್ತ ಇಟ್ಟು ನೋಡ್ರಿ, ಟ್ಯೂಬ್ ಇದ್ರ 40ರ ಮ್ಯಾಲ ಇರ್ಲಿ, ಇಲ್ಲಾಂದ್ರ ಕಲ್ಲಿಗೆ ಬಡದು ಹಾವು ಕಚ್ಚಿದಂಗ ಎರಡ ತೂತು ಬೀಳ್ತಾವ.

ಈಗ ಮುಳ್ಳಿನ ವಿಚಾರ, ಇದಕ್ಕ ತುಸು ಟೈಮ್ ಕೊಡ್ರಿ. ನಮ್ಮ ಕಡಿ ಟೈರಿಗೆ ಎರಡ ವೈರಿ. ಒಂದು ಬಳ್ಳಾರಿ ಜಾಲಿ, ಕಾಲುವಿ ಏರಿ ಮ್ಯಾಲ ಎಲ್ಲಾ ಕಡಿ ಬೆಳೆದೈತಿ, ರೈತರು ಸವರಿ ದಂಡಿಗೆ ಒಟ್ಟಿರ್ತಾರ, ಅದರ ಒಣ ಮುಳ್ಳು ಉದ್ದ, ಗಟ್ಟಿ, ಟೈರಿನ ಪಕ್ಕದ ಗೋಡಿ ಸೀಳಿ ಒಳಗ ಹೋಗ್ತೈತಿ. ಇನ್ನೊಂದು ನೆಗ್ಗಿಲು ಮುಳ್ಳು, ಕಣ್ಣಿಗೆ ಕಾಣಂಗಿಲ್ಲ, ಮಳಿ ಮುಗಿದ ಮ್ಯಾಲೆ ಬಳ್ಳಿ ಒಣಗಿ ದಾರಿ ಅಂಚಿನ್ಯಾಗ ಕಾಯಿ ಉದುರಿಸಿರ್ತೈತಿ, ಹೆಂಗ ಬಿದ್ರೂ ಒಂದ ಮುಳ್ಳು ಮ್ಯಾಲೇ. ಹಂಗಾಗಿ ಎದುರಿಗೆ ಟ್ರ್ಯಾಕ್ಟರ್ ಬಂತು ಅಂತ ಹುಲ್ಲಿನ ಅಂಚಿಗೆ ಸರಿಯಬ್ಯಾಡ್ರಿ, ನಿಂತು ಇಳಿದು ಸೈಕಲ್ ಎತ್ತಿ ಹಿಡೀರಿ, ಚಾಳಿ ಮಾಡ್ಕೊಂಡ್ರ ಎಷ್ಟೋ ಪಂಚರ್ ಉಳೀತಾವ. ಟ್ಯೂಬ್‌ಲೆಸ್ ಇದ್ರ ಸಣ್ಣ ಮುಳ್ಳು ಚುಚ್ಚಿದ್ದು ಕಂಡ್ರೂ ದಾರಿಯಾಗ ಕೀಳಬ್ಯಾಡ್ರಿ, ಮುಳ್ಳೇ ಬಿರಡಿ ಆಗಿರ್ತೈತಿ. ಸೀಲಂಟ್ (ಟ್ಯೂಬ್‌ಲೆಸ್ ಟೈರ್ ಒಳಗ ತೂತು ಮುಚ್ಚಾಕ ಹಾಕೋ ದ್ರವ) ನಮ್ಮ ಸೆಕೆಗೆ ಲಗು ಒಣಗ್ತೈತಿ, ಡಬ್ಬಿ ಮ್ಯಾಲ ಆರು ತಿಂಗಳು ಅಂತ ಬರೆದಿದ್ರೂ ಇಲ್ಲಿ ಎರಡ-ಮೂರು ತಿಂಗಳಿಗೆ ವಾಲ್ವ್ ತಗದು ನೋಡ್ಬೇಕು, ಹೊಂಡೋ ಹಿಂದಿನ ವಾರ ಚಕ್ರ ಅಲ್ಲಾಡಿಸಿದಾಗ ಗುಳುಗುಳು ಸಪ್ಪಳ ಬರ್ಲಿಲ್ಲಾಂದ್ರ ಹೊಸಾದು ಹಾಕ್ರಿ.

ಚೀಲದಾಗ ಎರಡ ಟ್ಯೂಬ್, ಪ್ಲಗ್ ಕಿಟ್ (ಟೈರ್ ತೂತಿಗೆ ತುರುಕೋ ಪಟ್ಟಿ), ಪಂಪ್, ಚೈನಿನ ಕ್ವಿಕ್ ಲಿಂಕ್ (ಕಡಿದ ಚೈನ್ ಜೋಡಿಸೋ ಕೊಂಡಿ), ಅಲೆನ್ ಕೀ, ಮತ್ತ ಒಂದ ಹಿತ್ತಾಳಿ ವಾಲ್ವ್ ಅಡಾಪ್ಟರ್. ಇದು ಹತ್ತಿಪ್ಪತ್ತು ರೂಪಾಯಿ ಸಾಮಾನು, ಆದ್ರ ಇದಿದ್ರ ಸಪೂರ ಪ್ರೆಸ್ಟಾ ವಾಲ್ವಿಗೂ ಊರ ಪಂಚರ್ ಅಂಗಡಿಯಾಗ ಗಾಳಿ ಹೊಡಿಸ್ಕೋಬಹುದು, ಇಲ್ದಿದ್ರ ಅಂಗಡಿಯವರು "ಇದ್ಯಾವ ವಾಲ್ವ್ ರೀ" ಅಂತ ನೋಡಿ ಕೈ ಬಿಡ್ತಾರ. ಹಿಂದ-ಮುಂದ ಲೈಟ್, ಹೆಲ್ಮೆಟ್, ಕಣ್ಣಿಗೆ ಬಿಳಿ ಗಾಜಿನ ಕನ್ನಡಕ ಹೇಳೋದೇ ಬ್ಯಾಡ. ಪಾದಕ್ಕ ಕ್ಲೀಟ್ (ಪೆಡಲಿಗೆ ಶೂ ಕಚ್ಚಿಸೋ ತುಂಡು) ಹೊರಗ ಚಾಚಿದ ರೋಡ್ ಶೂ ಬ್ಯಾಡ, ಬಂಡಿ ಮ್ಯಾಲ ಜಾರ್ತೀರಿ.

ನೀರು, ಹೊಟ್ಟಿ

ತಾಸಿಗೆ ಅರ್ಧದಿಂದ ಮುಕ್ಕಾಲು ಲೀಟರ್ ಹಿಡೀರಿ, ಚಳಿಗಾಲ ಅಂತ ಕಮ್ಮಿ ಮಾಡಬ್ಯಾಡ್ರಿ. ಎರಡ ಬಾಟ್ಲಿ ಜೊತಿಗೆ ಬೆನ್ನಿಗೆ ಒಂದೂವರೆ-ಎರಡ ಲೀಟರ್ ಚೀಲ ಇದ್ರ ನಿಶ್ಚಿಂತಿ, ಓಆರ್‌ಎಸ್ ಪಾಕೀಟು ಮೂರ್ನಾಕು ಇಟ್ಕೋರಿ, ಒಂದ ಪಾಕೀಟಿಗೆ ಸರಿಯಾಗಿ ಒಂದ ಲೀಟರ್. ಕಾಲುವಿ ನೀರು ಎಷ್ಟ ತಿಳಿ ಕಂಡ್ರೂ ಕುಡೀಬ್ಯಾಡ್ರಿ, ನೆಲ್ಲಿನ ಗದ್ದಿಗೆ ಹೊಡೆದ ಔಷಧ ಎಲ್ಲಿಂದ ಎಲ್ಲಿಗೆ ಬಸಿತೈತಿ ಹೇಳಾಕ ಬರಂಗಿಲ್ಲ.

ಹಳ್ಳಿಗಳ ಶುದ್ಧ ಕುಡಿಯೋ ನೀರಿನ ಘಟಕ ಇದಾವಲ್ಲ, ಅವೇ ನಿಮ್ಮ ಪೆಟ್ರೋಲ್ ಬಂಕ್. ಕಾಯಿನ್ ಜೇಬಿನ್ಯಾಗ ಇರ್ಲಿ. ಆದ್ರ ಕಾಯಿನ್ ಹಾಕಿದ ಮ್ಯಾಲೆ ಅದು ಕ್ಯಾನ್ ತುಂಬೋಷ್ಟು ನೀರು ಒಮ್ಮೆಗೇ ಸುರೀತೈತಿ, ನಿಮ್ಮ ಬಾಟ್ಲಿ ಹಿಡಿಯೋದು ಒಂದ ಲೀಟರ್, ಉಳಿದಿದ್ದು ಮೋರಿಗೆ. ಯಾರಾದ್ರೂ ಕ್ಯಾನ್ ತಗೊಂಡು ಬರೋ ತನಕ ಎರಡ ನಿಮಿಷ ನಿಲ್ರಿ, "ಅಕ್ಕಾರ, ಕಾಯಿನ್ ನಾ ಹಾಕ್ತೀನಿ, ಮೊದಲು ನನ್ನ ಬಾಟ್ಲಿ ಹಿಡೀತೀನ್ರಿ" ಅನ್ರಿ, ನೀರೂ ಉಳೀತೈತಿ, ಮುಂದಿನ ದಾರಿ ಸುದ್ದೀನೂ ಸಿಗ್ತೈತಿ.

ಊಟಕ್ಕ ಜೆಲ್ಲು ಗಿಲ್ಲು ಹೊತ್ಕೊಂಡು ಹೋಗೋ ಅವಶ್ಯಕತೆ ಇಲ್ಲ. ಶೇಂಗಾ ಚಿಕ್ಕಿ, ಖರ್ಜೂರ, ಆನೆಗೊಂದಿ ಕಡಿ ಬಾಳೆಹಣ್ಣು, ದಾರಿಯಾಗ ಒಗ್ಗರಣಿ. ಮಿರ್ಚಿ ಮಾತ್ರ ಒಂದಕ್ಕ ನಿಲ್ಲಿಸ್ರಿ, ಎಣ್ಣಿ ಹೊಟ್ಟಿಯಾಗ ಕುಂತ್ರ ಏರಿ ಮ್ಯಾಲಿನ ಕುಲುಕಾಟಕ್ಕ ಮ್ಯಾಲೆ ಬರ್ತೈತಿ.

ಹೊಂಡೋದು: ಕೊಪ್ಪಳದಿಂದ ಹುಲಗಿ

ಮುಂಜಾನೆ 5:45ಕ್ಕ ಹೊಂಡ್ರಿ. ಜನವರಿಯಾಗ ಸೂರ್ಯ ಹುಟ್ಟೋದು ಹತ್ರ ಹತ್ರ 6:45ಕ್ಕ, ಅಂದ್ರ ಮೊದಲ ತಾಸು ಕತ್ತಲಿ. ಇಡೀ ದಿನದಾಗ ಬ್ಯಾಸರದ ತುಂಡು ಇದೇ, ಗಿಣಿಗೇರಾ ಕಡಿ ಕಾರ್ಖಾನಿ, ಅದಿರು-ಬೂದಿ ಹೊತ್ತ ಲಾರಿ, ಬೂದಿ ಧೂಳು. ಬಾಯಿಗೆ ಬಫ್ (ಮೂಗು-ಬಾಯಿ ಮುಚ್ಚೋ ಬಟ್ಟಿ) ಕಟ್ರಿ, ಬಿಳಿ ಗೆರಿ ಹೊರಗಿನ ಶೋಲ್ಡರ್ (ರೋಡಿನ ಅಂಚು) ಬಿಟ್ಟು ಒಳಗ ಬರಬ್ಯಾಡ್ರಿ, ಹಿಂದಿನ ಲೈಟ್ ಮಿಣುಕೋದು ಹಗಲಾದ್ರೂ ಇರ್ಲಿ. ಹಿಟ್ನಾಳ ದಾಟಿ ಹುಲಗಿ ಕಡಿ ಒಳಗ ಇಳಿದ ಮ್ಯಾಲೆ ಉಸಿರು ಸರಿ ಆಗ್ತೈತಿ. ಏಳೂಕಾಲು-ಏಳೂವರಿಗೆ ಹುಲಗಿ ಮುಟ್ಟಿದ್ರ ಟೈಮಿಗೆ ಅದೀರಿ ಅಂತ ಲೆಕ್ಕ. ಚಾ, ಒಗ್ಗರಣಿ ಇಲ್ಲೇ.

ಮುನಿರಾಬಾದ್‌ನ್ಯಾಗ ಪಂಪಾವನ ಡ್ಯಾಂ ಕೆಳಗ ಐತಿ. ಗೇಟ್ ತಗದಿದ್ರ ಸೈಕಲ್ ಹೊರಗ ಬೀಗ ಹಾಕಿ ಒಳಗ ಒಂದ ಸುತ್ತು ನಡೀರಿ, ಒಳಗ ಸೈಕಲ್ ಹೊಡಿಯೋ ಹಟ ಬ್ಯಾಡ, ಸಣ್ಣ ಹುಡುಗರು ಓಡಾಡೋ ಜಾಗಾ. ಡ್ಯಾಂ ಮ್ಯಾಲೂ ಸಾರ್ವಜನಿಕರನ್ನ ಬಿಡಂಗಿಲ್ಲ, ಕಾವಲಿನವರ ಜೊತಿ ವಾದ ಮಾಡಿ ಹೊತ್ತು ಕಳಕೋಬ್ಯಾಡ್ರಿ. 33 ಗೇಟಿನ ಗ್ವಾಡಿ ಕೆಳಗಿಂದ ನೋಡಿದ್ರೇ ದೊಡ್ಡದು ಕಾಣ್ತೈತಿ.

ಕಾಲುವಿ ಏರಿ: ಮುನಿರಾಬಾದ್‌ನಿಂದ ಸಾಣಾಪುರ

ಇಲ್ಲಿಂದ ರೈಡ್ ಶುರು ಅಂತ ತಿಳ್ಕೋರಿ. ಟೈರಿನ ಗಾಳಿ ಎರಡ-ಮೂರು ಪಿಎಸ್‌ಐ ಇಳಿಸಿ ಏರಿ ಹತ್ರಿ. ಟ್ರ್ಯಾಕ್ಟರ್ ಗಾಲಿ ಬಿದ್ದ ಎರಡ ಗೆರಿ ಇರ್ತಾವ, ನಡುವ ಹುಲ್ಲು. ಕಾಲುವಿ ಕಡಿ ಗೆರಿ ಬ್ಯಾಡ, ಗದ್ದಿ ಕಡಿ ಗೆರಿ ಹಿಡೀರಿ. ಕಾಲುವಿಗೆ ಸಿಮೆಂಟ್ ಲೈನಿಂಗ್ ಇರ್ತೈತಿ, ಇಳಿಜಾರು, ಪಾಚಿ ಹಿಡಿದಿರ್ತೈತಿ, ಬಿದ್ರ ಈಜು ಬಂದ್ರೂ ಕೈ ಹಿಡಿಯಾಕ ಏನೂ ಸಿಗಂಗಿಲ್ಲ, ನೀರಿನ ಸೆಳವು ಮ್ಯಾಲಿಂದ ಕಾಣಂಗಿಲ್ಲ. ಮಕ ತೊಳಿಯಾಕಂತ ಲೈನಿಂಗ್ ಮ್ಯಾಲ ಇಳಿಯೋದೂ ಬ್ಯಾಡ, ಅರಬಿ ಒಗಿಯೋ ಮೆಟ್ಟಿಲು ಕಟ್ಟಿರೋ ಕಡಿ ಮಾತ್ರ ಇಳೀರಿ. ಜೋಡಿ ಮಂದಿ ಇದ್ರ ಮಾತಾಡಾಕಂತ ಪಕ್ಕಪಕ್ಕ ಹೊಡೀಬ್ಯಾಡ್ರಿ, ಒಬ್ಬರ ಹಿಂದ ಒಬ್ರು.

ದಾರಿ ಮೈ ಮೂರು ಥರ ಇರ್ತೈತಿ, ಒಂದೊಂದಕ್ಕ ಒಂದೊಂದು ರೀತಿ. ಕೆಂಪು ಮರಂ ಗಟ್ಟಿ ಕುಂತಲ್ಲಿ ಡಾಂಬರಿನಷ್ಟೇ ಓಡ್ತೈತಿ, 20ರ ವೇಗ ಆರಾಮ. ಬಂಡೆಗುಡ್ಡದ ಬುಡಕ್ಕ ಬಂದಾಗ ಕಲ್ಲು ಕರಗಿ ಉದುರಿದ ದಪ್ಪ ಹರಳು ಗಟ್ಟಿ ನೆಲದ ಮ್ಯಾಲ ಹರಡಿರ್ತೈತಿ, ಜ್ವಾಳ ಚೆಲ್ಲಿದ ಕಟ್ಟಿ ಮ್ಯಾಲ ಕಾಲಿಟ್ಟಂಗ ಚಕ್ರ ಜಾರ್ತೈತಿ. ತಿರುವು ಬರೋಕಿಂತ ಮೊದಲೇ ವೇಗ ಇಳಿಸ್ರಿ, ತಿರುವಿನ ನಡುವ ಮುಂದಿನ ಬ್ರೇಕ್ ಮುಟ್ಟಬ್ಯಾಡ್ರಿ, ಹೊರಗಿನ ಪೆಡಲ್ ಕೆಳಗ ಒತ್ತಿ ಮೈಭಾರ ಅದರ ಮ್ಯಾಲ ಹಾಕ್ರಿ. ಮೂರನೇದು ಎರೆ ಮಣ್ಣು. ಒಣಗಿದ್ರ ಏನೂ ತಕರಾರಿಲ್ಲ, ಹಿಂದಿನ ರಾತ್ರಿ ಹನಿ ಬಿದ್ದಿದ್ರ ಸಾಕು, ಟೈರಿಗೆ ಮೆತ್ತಿ ಫೋರ್ಕ್ ನಡುವ ಕಚ್ಚಿ ಚಕ್ರ ತಿರುಗೋದೇ ನಿಲ್ತೈತಿ, ತಳ್ಳಾಕೂ ಬರಂಗಿಲ್ಲ, ಜೋರು ಮಾಡಿ ಪೆಡಲ್ ಒತ್ತಿದ್ರ ಹಿಂದಿನ ಡಿರೇಲರ್ (ಗೇರ್ ಬದಲಿಸೋ ಭಾಗ) ಮುರೀತೈತಿ. ಕರಿ ಮಣ್ಣು ಹಸಿ ಕಂಡ ಕೂಡ್ಲೆ ಇಳೀರಿ, ಸೈಕಲ್ ಹೆಗಲಿಗೆ ಹಾಕ್ಕೊಂಡು ಹುಲ್ಲಿನ ಮ್ಯಾಲ ದಾಟ್ರಿ, ದಾಟಿದ ಮ್ಯಾಲೆ ಕಡ್ಡಿಲೆ ಕೆರೀರಿ. ಗದ್ದಿಯಿಂದ ಕೇಜ್ ವೀಲ್ (ಕೆಸರಿಗೆ ಹಾಕೋ ಕಬ್ಬಿಣದ ಗಾಲಿ) ಹಾಕಿದ ಟ್ರ್ಯಾಕ್ಟರ್ ಹತ್ತಿ ಬಂದ ಕಡಿ ಮರಂ ಮ್ಯಾಲೂ ಇಂಥಾ ಕೆಸರಿನ ಹೆಂಟಿ ಬಿದ್ದಿರ್ತಾವ.

ಶಿವಪುರ, ಬಂಡಿಹರ್ಲಾಪುರ ಕಡಿ ಬಂದಾಗ ಗಮನಿಸ್ರಿ, ದೊಡ್ಡ ಕಾಲುವಿ ಅಲ್ದ ಕೆಳಗ ನದಿ ಹತ್ರ ಇನ್ನೊಂದು ಸಣ್ಣ ಹಳೇ ಕಾಲುವಿ ಸಾಲು ಹೋಗ್ತೈತಿ. ಅವು ವಿಜಯನಗರ ಕಾಲುವೆಗಳು, ಹುಲಗಿ, ಶಿವಪುರ, ಆನೆಗೊಂದಿ, ಗಂಗಾವತಿ ಅಂತ ಊರ ಹೆಸರಿನ ಮ್ಯಾಲೇ ಅದಾವ, ಡ್ಯಾಂ ಮುಗಿದಿದ್ದು 1953ಕ್ಕ, ಇವು ಅದಕ್ಕೂ ಶತಮಾನಗಳ ಹಿಂದಿನವು, ಇವತ್ತಿಗೂ ನೀರು ಹರಿಸ್ತಾವ. ಅವುಗಳ ಬದುವಿನ ದಾರಿ ತೆಂಗು-ಬಾಳಿ ನಡುವ ನೆರಳು ಭಾಳ ಚಂದ, ಆದ್ರ ಕಿರಿದು, ರೈತರ ಸ್ವಂತ ಓಡಾಟದ್ದು, ಸುಮ್ನ ನುಗ್ಗಬ್ಯಾಡ್ರಿ, ಕೇಳಿ ಹೋಗ್ರಿ, ನೆಲ್ಲು ಕೊಯ್ಲಿನ ಟೈಮಿನ್ಯಾಗ ಅದೂ ಬ್ಯಾಡ.

ಕುರಿಹಿಂಡು ಸಿಕ್ಕೇ ಸಿಗ್ತಾವ. ಗಂಟಿ ಹೊಡಕೋತ ನಡುವ ನುಗ್ಗಿದ್ರ ಕುರಿ ಕಾಲುವಿಗೆ ಬೀಳ್ತಾವ, ಕುರುಬರ ನಾಯಿ ನಿಮ್ಮ ಮೀನಖಂಡಕ್ಕ ಬೀಳ್ತೈತಿ. ದೂರದಾಗೇ ಇಳಿದು ನಿಲ್ರಿ, ನಾಯಿ ಬಂದ್ರ ಸೈಕಲ್ ನಡುವ ಹಿಡೀರಿ, ಓಡಬ್ಯಾಡ್ರಿ, ಕುರುಬಣ್ಣ ಒಂದ ಸೀಟಿ ಹೊಡದ್ರ ಮುಗೀತು. ಕಚ್ಚಿದ್ರ ಮಾತ್ರ ರೈಡ್ ಅಲ್ಲಿಗೇ ಬಿಡ್ರಿ, ಸಬಕಾರ ಹಚ್ಚಿ ಹರಿಯೋ ನೀರಿನ್ಯಾಗ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರಿಗೆ ಹೋಗ್ರಿ.

ಸಾಣಾಪುರ ಕೆರಿ ಅಂತ ಕರಿಯೋದು ಇದೇ ಎಡದಂಡೆ ಕಾಲುವಿ ನೀರು ನಿಲ್ಲಿಸಿ ಹಂಚೋ ಜಲಾಶಯ, ಸುತ್ತ ಬರೇ ಗುಂಡು ಬಂಡಿ. ಹತ್ತು-ಹತ್ತೂವರಿಗೆ ಇಲ್ಲಿಗೆ ಬಂದಿರ್ಬೇಕು. ತೆಪ್ಪದವರು ಕರೀತಾರ, ಹೋಗೋದು ಬಿಡೋದು ನಿಮಗ ಬಿಟ್ಟಿದ್ದು, ಲೈಫ್ ಜಾಕೆಟ್ ಇಲ್ದ ಹತ್ತಬ್ಯಾಡ್ರಿ. ಬಂಡಿ ಮ್ಯಾಲಿಂದ ನೀರಿಗೆ ಜಿಗಿಯೋದು ಅಂತೂ ಬ್ಯಾಡವೇ ಬ್ಯಾಡ, ಕೆಳಗ ಬಂಡಿ ಎಲ್ಲೈತಿ ಅಂತ ಊರವರಿಗೇ ಗೊತ್ತಿರಂಗಿಲ್ಲ. ಹತ್ರದ ತುಂಗಭದ್ರಾ ನದಿ ಪಾತ್ರ, ಮುದ್ಲಾಪುರದಿಂದ ಕಂಪ್ಲಿ ತನಕ 34 ಕಿಲೋಮೀಟರ್, 2015ರಾಗ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಣೆ ಆಗೈತಿ, ಹೊತ್ತಾರೆ ಸದ್ದಿಲ್ದ ಕುಂತ್ರ ಬಂಡಿ ನಡುವ ಕಾಣಬಹುದು, ಆದ್ರ ಈ ರೈಡಿನ ಟೈಮಿಗೆ ಅವು ಕಾಣ್ತಾವ ಅಂತ ಆಸೆ ಇಟ್ಕೋಬ್ಯಾಡ್ರಿ.

ಆನೆಗೊಂದಿ, ಮತ್ತ ಆಸೆ ಹಿಡಿತದಾಗ ಇಡೋದು

ಸಾಣಾಪುರದಿಂದ ಆನೆಗೊಂದಿಗೆ ಡಾಂಬರ್ ಐತಿ, ಗುಡ್ಡ-ಗದ್ದಿ ನಡುವ ಹಾಯ್ದು ಹೋಗ್ತೈತಿ, ಅಷ್ಟ ಚಂದ ಇರೋದಕ್ಕ ಇಲ್ಲಿ ಕಚ್ಚಾ ದಾರಿ ಹುಡುಕೋ ಹಟ ಬಿಟ್ಟುಬಿಡ್ರಿ. ರೋಡ್ ಮ್ಯಾಲ ನೆಲ್ಲು ಒಣಗಿಸಿದ್ರ ಅದರ ಮ್ಯಾಲ ಸೈಕಲ್ ಬಿಡಬ್ಯಾಡ್ರಿ, ಜಾರ್ತೈತಿ, ಬೈಗುಳಾನೂ ಬೀಳ್ತಾವ.

ಅಂಜನಾದ್ರಿಗೆ 575 ಮೆಟ್ಟಿಲು. 60 ಕಿಲೋಮೀಟರ್ ಹೊಡೆದ ಕಾಲಿಗೆ ಹತ್ತೋದಕ್ಕಿಂತ ಇಳಿಯೋದು ಜಾಸ್ತಿ ಕಾಟ ಕೊಡ್ತೈತಿ, ಮುಂದ ಇನ್ನೂ ಅಷ್ಟೇ ದೂರ ಐತಿ. ನನ್ನ ಕೇಳಿದ್ರ ಕೆಳಗಿಂದ ಕೈ ಮುಗಿದು ಮುಂದ ಹೋಗ್ರಿ, ಪಂಪಾ ಸರೋವರದ ನೆರಳಿನ್ಯಾಗ ಹತ್ತು ನಿಮಿಷ ಕುಂಡ್ರಿ. ಮಂಗ್ಯಾಗಳು ಹ್ಯಾಂಡಲ್ ಚೀಲದ ಜಿಪ್ ತಗಿಯಾಕ ಕಲ್ತಾವ, ಬಾಳೆಹಣ್ಣು ಒಳಗಿನ ಚೀಲದಾಗ ಇರ್ಲಿ. ಆನೆಗೊಂದಿಯಾಗ ಗಗನ ಮಹಲ್, ರಂಗನಾಥ ಗುಡಿ ಸೈಕಲ್ ಮ್ಯಾಲೇ ಸುತ್ತಬಹುದು. ನದಿ ದಂಡಿಗೆ ಹೋದ್ರ 2009ರಾಗ ಕಟ್ಟೋವಾಗ್ಲೇ ಕುಸಿದ ಸೇತುವಿ ಜಾಗಾ ಕಾಣ್ತೈತಿ, ಆಚಿ ದಂಡಿಗೆ ತಳವಾರಘಟ್ಟ, ಹಂಪಿ. ಅಲ್ಲಿ ನಿಂತಾಗ "ಹಂಪಿ ಒಂದ ಸುತ್ತು ಹಾಕ್ಕೊಂಡು ಬರೋಣು" ಅಂತ ಒಬ್ಬ ದೋಸ್ತ ಅಂದೇ ಅಂತಾನ. ಬ್ಯಾಡ. ಹಂಪಿ ಹೊಕ್ಕ ಮ್ಯಾಲೆ ಸಂಜಿ ತನಕ ಹೊರಗ ಬರಾಕ ಮನಸ್ಸಾಗಂಗಿಲ್ಲ, ಅದಕ್ಕ ಬ್ಯಾರೆ ದಿನ ಇಟ್ಕೋರಿ. ಇಲ್ಲಿ ಗುಡ್ಡದಾಗ ಚಿರತಿ, ಕರಡಿ ಅದಾವ, ಜಾನುವಾರಿನ ಮ್ಯಾಲ ಅಷ್ಟೇ ಅಲ್ಲ ಮಂದಿ ಮ್ಯಾಲೂ ಬಿದ್ದದ್ದು ಉಂಟು, ಹಂಗಾಗಿ ಹೊತ್ತು ಮುಳುಗೋ ಟೈಮಿಗೆ ಈ ಭಾಗದಾಗ ಸೈಕಲ್ ಮ್ಯಾಲ ಇರಲೇಬಾರದು. ಮಧ್ಯಾಹ್ನ 12ಕ್ಕ ಆನೆಗೊಂದಿ ಬಿಡೋದು ಅಂತ ಫಿಕ್ಸ್ ಮಾಡ್ಕೋರಿ.

ಗಂಗಾವತಿಯಾಗ ನಿರ್ಧಾರ

ಒಂದ ಗಂಟಿ ಸುಮಾರಿಗೆ ಗಂಗಾವತಿ. ರೊಟ್ಟಿ ಊಟ ಮಾಡ್ರಿ, ಮಜ್ಜಿಗಿಗೆ ಉಪ್ಪು ಜಾಸ್ತಿ ಹಾಕಿ ಎರಡ ಗ್ಲಾಸ್ ಕುಡೀರಿ, ಆಮ್ಯಾಲೆ ಕೈ-ಕಾಲು ಕೇಳ್ರಿ. ಎರಡೂವರೆಗೆ ಗಂಗಾವತಿ ಬಿಡಾಕ ಆಗಂಗಿಲ್ಲ ಅಂದ್ರ, ಇಲ್ಲಾ ಒಂದ ಟೈರ್ ಸೀಳಿ ಪ್ಲಗ್ ಮ್ಯಾಲ ಓಡ್ತಿದ್ರ, ಇಲ್ಲೇ ಮುಗಿಸ್ರಿ. 2019ರಿಂದ ಗಂಗಾವತಿಗೆ ರೈಲು ಐತಿ, ಗಿಣಿಗೇರಾ ಮ್ಯಾಲಿಂದ ಕೊಪ್ಪಳ ಕಡಿ ಹೋಗ್ತೈತಿ, ಟೈಮ್ ಹಿಂದಿನ ದಿನವೇ ನೋಡ್ಕೋರಿ, ಸೈಕಲ್ ಬುಕಿಂಗ್ ಬಗ್ಗೆ ಸ್ಟೇಷನ್‌ದಾಗ ಮೊದಲು ಕೇಳ್ರಿ. ರೈಲು ತಪ್ಪಿದ್ರ ಟಾಟಾ ಏಸ್ ಗಾಡಿಯವರು ಇದ್ದೇ ಇರ್ತಾರ. ತಲಿ ತಿರುಗೋದು, ಬೆವರು ನಿಂತು ಮೈ ಬಿಸಿ ಆಗೋದು ಕಂಡ್ರ ಚರ್ಚೆ ಬ್ಯಾಡ, ನೆರಳು, ನೀರು, 108.

ಹೋಗೋರು ಕೊಪ್ಪಳ ರೋಡ್ ಹಿಡೀರಿ. ರೈಲು ಹಳಿ ಪಕ್ಕ ಸಪಾಟ ಕಚ್ಚಾ ದಾರಿ ಕಾಣ್ತೈತಿ, ಆಸೆ ಆಗ್ತೈತಿ, ಅದು ರೈಲ್ವೆ ಜಾಗಾ, ಅದರ ಮ್ಯಾಲ ಹತ್ತೋದು ಅಪರಾಧ, ಬಿಡ್ರಿ. ಹಿರೇಬೆಣಕಲ್ ಹತ್ರ ಗುಡ್ಡದ ಮ್ಯಾಲ ಶಿಲಾಸಮಾಧಿಗಳು ಅದಾವ, ಊರವರು ಮೋರೇರ ಗುಡ್ಡ ಅಂತಾರ, 2021ರಾಗ ಯುನೆಸ್ಕೋ ತಾತ್ಕಾಲಿಕ ಪಟ್ಟಿಗೆ ಸೇರೈತಿ. ಸೈಕಲ್ ಹೋಗಂಗಿಲ್ಲ, ಬಂಡಿ ಮ್ಯಾಲ ನಡೆದೇ ಹತ್ತಬೇಕು, ಹತ್ತಿ ಇಳಿಯಾಕ ಎರಡ-ಮೂರು ತಾಸು, ಇವತ್ತು ಅದು ಆಗೋ ಮಾತಲ್ಲ. ಮುಕ್ಕುಂಪಿ ಆಸುಪಾಸು ಏರು-ಇಳುವು ಐತಿ, ದಿನವಿಡೀ ಸಪಾಟ ಹೊಡೆದ ಕಾಲಿಗೆ ಇಲ್ಲಿ ಹಗುರ ಗೇರ್ ಹಾಕಿ ಕುಂತೇ ತುಳೀರಿ, ಎದ್ದು ನಿಂತು ಹೀರೋ ಆಗಬ್ಯಾಡ್ರಿ. ಬೂದಗುಂಪಾ ಕ್ರಾಸಿನ್ಯಾಗ ಸೋಲಾಪುರ ಹೈವೇ ದಾಟೋವಾಗ ಇಳಿದು ತಳ್ಳಿಕೊಂಡು ದಾಟ್ರಿ, ಅಲ್ಲಿ ಗಾಡಿ ಬರೋ ವೇಗ ಕಣ್ಣಿಗೆ ಅಂದಾಜು ಸಿಗಂಗಿಲ್ಲ. ಅಲ್ಲಿಂದ ಮುಂದ ಮತ್ತ ಮುಂಜಾನಿ ಲಾರಿಗಳೇ, ಲೈಟ್ ಹಚ್ಚಿ ಶೋಲ್ಡರ್ ಹಿಡೀರಿ, ಬಿಸಿಲು ಎದುರಿಗೆ ಬೀಳ್ತೈತಿ, ಅಂದ್ರ ನಿಮ್ಮ ಹಿಂದ ಬರೋ ಡ್ರೈವರಿಗೂ ಕಣ್ಣಿಗೆ ಬಿಸಿಲೇ ಇರ್ತೈತಿ, ನೀವು ಅವನಿಗೆ ಕಾಣ್ತೀರಿ ಅಂತ ನಂಬಬ್ಯಾಡ್ರಿ. ಐದೂವರಿಗೆ ಕೊಪ್ಪಳ ಊರೊಳಗ ಇರ್ಬೇಕು.

ಮನಿಗೆ ಬಂದ ಮ್ಯಾಲೆ ಮೈ ತೊಳಿಯೋಕಿಂತ ಮೊದಲು ಸೈಕಲ್‌ಗೆ ಒಂದ ಬಕೆಟ್ ನೀರು ಹಾಕ್ರಿ, ಎರೆ ಮಣ್ಣು ರಾತ್ರಿ ಒಣಗಿದ್ರ ಸಿಮೆಂಟ್ ಹಂಗ ಹಿಡೀತೈತಿ, ಆದ್ರ ಪ್ರೆಶರ್ ಪೈಪ್ ಬೇರಿಂಗ್ ಹತ್ರ ಹಿಡೀಬ್ಯಾಡ್ರಿ. ಚೈನ್ ಒರೆಸಿ ಎಣ್ಣಿ ಬಿಡ್ರಿ. ಆಮ್ಯಾಲೆ ಟೈರ್ ಒಂದ ಸುತ್ತು ಬೆಳಕಿಗೆ ಹಿಡಿದು ನೋಡ್ರಿ, ಇಡೀ ದಿನ ಕೀಳದಂಗ ಬಿಟ್ಟಿದ್ದ ಜಾಲಿ ಮುಳ್ಳು ಈಗ ಒಂದೊಂದಾಗಿ ಚಿಮಟಿಗಿಲೆ ಕೀಳ್ರಿ, ಕಿತ್ತ ತೂತು ಕೆಳಗ ಬರಂಗ ಚಕ್ರ ನಿಲ್ಲಿಸಿ ಒಂದ ನಿಮಿಷ ಬಿಟ್ರ ಸೀಲಂಟ್ ಬಂದು ಕುಂಡ್ರತೈತಿ.